ಪಿಟೀಲು ಕೇಳಿ, ಆಮೇಲೆ ಪಿಯಾನೋ ಮುಟ್ಟಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಸಂಗೀತ ಪುಟದಲ್ಲಿ ಪಿಯಾನೋ ಬಗ್ಗೆ ಬಂದಿದ್ದ ಬರಹವನ್ನು ಎರಡು ಸಲ ಓದಿದೆ. ಬರಹ ಚೆನ್ನಾಗಿತ್ತು. ಆದರೆ ಮಧ್ಯೆ ಬಂದುಹೋದ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ, ಆವತ್ತಿನಿಂದ ತಲೆಯಲ್ಲೇ ಕೂತಿದೆ. ಒಂಟಿ ಪಿಟೀಲಿಗೆ ಬರೆದ ಸಂಗೀತವನ್ನು ತೆಗೆದುಕೊಂಡು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸಂಗೀತಕಾರರಾದ ಲಿಸ್ಟ್, ಶೂಮನ್, ಬ್ರಾಮ್ಸ್ ಮುಂತಾದವರು ಪಿಯಾನೋಗೆ ಬರೆದ ಕಷ್ಟದ ಎಟ್ಯೂಡ್‌ಗಳು (ಅಭ್ಯಾಸದ ರಚನೆಗಳು) ಎರವಲು ಸರಕು, ಬೆರಳಿನ ಕಸರತ್ತು ತೋರಿಸೋದಕ್ಕೆ ಬಿಟ್ಟರೆ ಬೇರೆ ಕೆಲಸಕ್ಕಿಲ್ಲ ಅನ್ನುವ ಅರ್ಥದ ಮಾತು ಅದು. ಹೀಗೆ ಹೇಳುವವರು ಆ ಬರಹಗಾರರು ಒಬ್ಬರೇ ಅಲ್ಲ. ಪಿಯಾನೋ ಕಲಿಸುವವರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾದರೂ ಸರಿ ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹೇಳಬೇಕಾದ್ದು ಇಷ್ಟು. ಈ ಎಟ್ಯೂಡ್‌ಗಳು ಪಿಟೀಲಿನ ನಕಲಲ್ಲ. ಒಂದು ವಾದ್ಯಕ್ಕೆ ಸಹಜವಾಗಿ ಬರುವ ಮಾತನ್ನು, ಅದು ಬಾರದ ಇನ್ನೊಂದು ವಾದ್ಯದಿಂದ ಹೇಳಿಸುವ ಪ್ರಯತ್ನ ಇವು. ಅವುಗಳ ಕಷ್ಟವೆಲ್ಲ ಹುಟ್ಟಿರುವುದು ಅಲ್ಲಿಂದಲೇ. ಮೂಲದ ಪಿಟೀಲನ್ನು ಒಂದು ಸಲವೂ ಕೇಳದೆ ನುಡಿಸಿದರೆ ಅವು ನಿಜಕ್ಕೂ ಕಸರತ್ತಾಗಿಯೇ ಉಳಿಯುತ್ತವೆ, ಅದನ್ನು ಒಪ್ಪುತ್ತೇನೆ. ಆದರೆ ಆ ತಪ್ಪು ಬರೆದವರದ್ದಲ್ಲ, ಕಲಿಯುವ ಮತ್ತು ಕಲಿಸುವ ನಮ್ಮದು.

ಮೊದಲು ಮೂಲದ ವಿಷಯ ಹೇಳುತ್ತೇನೆ. ಪಿಟೀಲುಗಾರ ನಿಕೊಲೊ ಪಗನಿನಿ 1782ರಲ್ಲಿ ಇಟಲಿಯ ಜಿನೋವಾದಲ್ಲಿ ಹುಟ್ಟಿದವನು. ಅವನ 24 ಕ್ಯಾಪ್ರಿಸ್‌ಗಳು, ಅಂದರೆ ಪಿಟೀಲಿಗೆ ಬರೆದ ಚಿಕ್ಕ ರಚನೆಗಳು, 1820ರಲ್ಲಿ ಮಿಲಾನ್‌ನ ರಿಕೋರ್ಡಿ ಸಂಸ್ಥೆಯಿಂದ ಅಚ್ಚಾದವು. ಒಂದೇ ಪಿಟೀಲು, ಪಕ್ಕವಾದ್ಯ ಏನೂ ಇಲ್ಲ. ಆ ಕಾಲದಲ್ಲಿ ಪುಸ್ತಕವನ್ನು ಯಾರಾದರೂ ರಾಜನಿಗೋ ಶ್ರೀಮಂತನಿಗೋ ಅರ್ಪಿಸುವುದು ರೂಢಿ, ಇವನು ಮಾತ್ರ ಕಲಾವಿದರಿಗೆ ಅಂತ ಬರೆದ. ನನಗೆ ಆ ಒಂದು ಸಾಲು ತುಂಬಾ ಇಷ್ಟ. ನಾನು ಇಲ್ಲಿಯವರೆಗೆ ಬಂದಿದ್ದೇನೆ, ಮುಂದಿನದು ನಿಮಗೆ ಬಿಟ್ಟದ್ದು ಅಂತ ಹೇಳಿದ ಹಾಗಿದೆ. ಕೆಲವು ವರ್ಷಗಳಲ್ಲೇ ಆ ಮಾತಿಗೆ ಓಗೊಟ್ಟವರಲ್ಲಿ ಮುಖ್ಯರಾದವರು ಪಿಯಾನೋದವರು.

1830ರ ಈಸ್ಟರ್ ಹೊತ್ತಿಗೆ ಕಾನೂನು ಓದುತ್ತಿದ್ದ ರಾಬರ್ಟ್ ಶೂಮನ್ ಫ್ರಾಂಕ್‌ಫರ್ಟ್‌ನಲ್ಲಿ ಪಗನಿನಿಯನ್ನು ಕೇಳಿದ. ಅದೇ ಬೇಸಿಗೆಯಲ್ಲಿ ತಾಯಿಗೆ ಕಾಗದ ಬರೆದು, ಕಾನೂನು ಬಿಟ್ಟು ಸಂಗೀತ ಹಿಡಿಯುತ್ತೇನೆ ಅಂತ ತಿಳಿಸಿದ. ಎರಡು ವರ್ಷ ಆದಮೇಲೆ, 1832ರ ಏಪ್ರಿಲ್‌ನಲ್ಲಿ, ಪ್ಯಾರಿಸ್‌ನಲ್ಲಿ ಕಾಲರಾ ಹರಡಿ ಜನ ಸಾಯುತ್ತಿದ್ದ ಸಮಯದಲ್ಲಿ, ರೋಗಿಗಳ ನೆರವಿಗಾಗಿ ಪಗನಿನಿ ಒಂದು ಕಛೇರಿ ಕೊಟ್ಟ. ಅದನ್ನು ಕೇಳಿದ ಫ್ರಾಂಜ್ ಲಿಸ್ಟ್‌ಗೆ ಆಗ 20 ವರ್ಷ. ಆಗಲೇ ಹೆಸರು ಮಾಡಿದ್ದ ಹುಡುಗ. ಆ ಮೇ ತಿಂಗಳ ಮೊದಲಲ್ಲಿ ಅವನು ಪರಿಚಿತನೊಬ್ಬನಿಗೆ ಬರೆದ ಪತ್ರ ಇವತ್ತಿಗೂ ಸಿಗುತ್ತದೆ. ಹದಿನೈದು ದಿನದಿಂದ ಹುಚ್ಚು ಹಿಡಿದವನ ಹಾಗೆ ಕೆಲಸ ಮಾಡುತ್ತಿದ್ದೇನೆ, ಬೈಬಲ್, ಹೋಮರ್, ಪ್ಲೇಟೊ, ಬೀಥೋವನ್, ಬಾಖ್ ಎಲ್ಲರೂ ನನ್ನ ಸುತ್ತ ಇದ್ದಾರೆ, ಅದಲ್ಲದೆ ದಿನಕ್ಕೆ ನಾಲ್ಕೈದು ಗಂಟೆ ಬೆರಳಿನ ಸಾಧನೆ ಮಾಡುತ್ತಿದ್ದೇನೆ ಅನ್ನುವುದು ಅದರ ಸಾರ.

ಇಲ್ಲಿ ಒಂದು ವಿಷಯ ಗಮನಿಸಿ. ಇಬ್ಬರೂ ಕೇಳಿದ್ದು ಮೊದಲು, ಬರೆದದ್ದು ಆಮೇಲೆ. ಇಬ್ಬರ ಕಿವಿಯಲ್ಲೂ ಒಬ್ಬ ಜೀವಂತ ಪಿಟೀಲುಗಾರನ ನಾದ ಇತ್ತು. ಹಾಳೆಯ ಮೇಲಿನ ಗುರುತುಗಳನ್ನು ಪಿಯಾನೋ ಮೇಲೆ ಇಳಿಸಿದ್ದಷ್ಟೇ ಆಗಿದ್ದರೆ ಅದನ್ನು ಯಾರಾದರೂ ಗುಮಾಸ್ತರೇ ಮಾಡಿಬಿಡಬಹುದಿತ್ತು ಅಲ್ವಾ?

ಶೂಮನ್ 1832ರಲ್ಲಿ ಆರು ಕ್ಯಾಪ್ರಿಸ್‌ಗಳನ್ನು ಪಿಯಾನೋಗೆ ತಂದ, ಅದು ಅವನ ಮೂರನೆಯ ಓಪಸ್ (ಕೃತಿಗಳಿಗೆ ಕೊಡುವ ಕ್ರಮಸಂಖ್ಯೆ). ಮರುವರ್ಷ ಇನ್ನೂ ಆರು ಮಾಡಿದ, ಅದು ಹತ್ತನೆಯ ಓಪಸ್. ಮೊದಲನೆಯದಕ್ಕೆ ಉದ್ದದ ಮುನ್ನುಡಿ ಬರೆದು, ಯಾವ ಬೆರಳು ಎಲ್ಲಿ ಇಡಬೇಕು, ಅದಕ್ಕೆ ಮುಂಚೆ ಏನೇನು ಅಭ್ಯಾಸ ಮಾಡಿಕೊಳ್ಳಬೇಕು ಅಂತ ಮೇಷ್ಟರ ಹಾಗೆ ವಿವರಿಸಿದ್ದಾನೆ. ಆ ಮೊದಲ ಆರರಲ್ಲಿ ಅವನು ಪಗನಿನಿಯ ಸಾಲನ್ನು ಜಾಸ್ತಿ ಅಲುಗಾಡಿಸುವುದಿಲ್ಲ. ಕೆಳಗೆ ಮಂದ್ರ ಸ್ವರಗಳನ್ನು ಜೋಡಿಸುತ್ತಾನೆ, ಅಷ್ಟೆ. ನಿಜ ಹೇಳಬೇಕೆಂದರೆ ಅವುಗಳಲ್ಲಿ ಕೆಲವು ನನಗೆ ಒಣಗಿದಂತೆ ಕೇಳಿಸುತ್ತವೆ. ಹತ್ತನೆಯ ಓಪಸ್ ಹೊತ್ತಿಗೆ ಧೈರ್ಯ ಬಂದಿದೆ. ಅಲ್ಲಿ ಅವನು ಪಿಟೀಲನ್ನು ಹೊತ್ತು ತರುವುದನ್ನು ಬಿಟ್ಟು ಪಿಯಾನೋದ ಒಳಗಿನಿಂದ ಯೋಚಿಸುತ್ತಾನೆ.

ಲಿಸ್ಟ್ ತನ್ನ ಆರು ಎಟ್ಯೂಡ್‌ಗಳನ್ನು 1838ರಲ್ಲಿ ಬರೆದ. ಐದಕ್ಕೆ ಕ್ಯಾಪ್ರಿಸ್‌ಗಳೇ ಮೂಲ, ಒಂದಕ್ಕೆ ಮಾತ್ರ ಪಗನಿನಿಯ ಪಿಟೀಲು ಕನ್ಸರ್ಟೊ, ಅಂದರೆ ಆರ್ಕೆಸ್ಟ್ರಾ ಜೊತೆ ಒಂದು ಪಿಟೀಲು ನುಡಿಸುವ ರಚನೆ. 1851ರಲ್ಲಿ ಎಲ್ಲವನ್ನೂ ಮತ್ತೆ ತಿದ್ದಿದ. ಇವತ್ತು ನಾವು ಕೇಳುವುದು ಸಾಮಾನ್ಯವಾಗಿ ಈ 1851ರ ರೂಪ. ಅರ್ಪಣೆ ಶೂಮನ್‌ನ ಹೆಂಡತಿ, ಪಿಯಾನೋ ವಾದಕಿ ಕ್ಲಾರಾ ಶೂಮನ್‌ಗೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಪಿಟೀಲಿಗೆ ನಾಲ್ಕು ತಂತಿ. ಅವನ್ನು ಎತ್ತಿ ಹಿಡಿಯುವ, ಕುದುರೆ ಅನ್ನುವ ಮರದ ತುಂಡು ಬಾಗಿರುವುದರಿಂದ ಕಮಾನು ಒಂದು ಸಲಕ್ಕೆ ಒಂದು ತಂತಿಯನ್ನೋ ಎರಡನ್ನೋ ಮುಟ್ಟುತ್ತದೆ. ಮೂರು ನಾಲ್ಕು ಸ್ವರ ಒಟ್ಟಿಗೆ ಬೇಕೆಂದರೆ ಮುರಿದು ಮುರಿದು ಹೇಳಬೇಕು. ಆದರೆ ಒಂದು ಸ್ವರ ಹುಟ್ಟಿದ ಮೇಲೂ ಅದು ವಾದಕನ ಕೈಯಲ್ಲೇ ಇರುತ್ತದೆ. ಅದನ್ನು ಉಬ್ಬಿಸಬಹುದು, ಇಳಿಸಬಹುದು, ನಡುಗಿಸಬಹುದು, ಇನ್ನೊಂದು ಸ್ವರಕ್ಕೆ ಜಾರಿಸಬಹುದು. ಪಿಯಾನೋ ಇದಕ್ಕೆ ಸರಿಯಾಗಿ ಉಲ್ಟಾ. ಹತ್ತು ಸ್ವರ ಬೇಕಾದರೂ ಒಟ್ಟಿಗೆ ನುಡಿಸಿ, ಏಳು ಸ್ಥಾಯಿಗಳ ಉದ್ದಕ್ಕೂ ಓಡಾಡಿ. ಆದರೆ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದ ಆ ಸ್ವರ ಸಾಯಲು ಶುರು. ಆಮೇಲೆ ನೀವು ಕೀ ಮೇಲೆ ಎಷ್ಟು ಒತ್ತಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಉಳಿಸಬಹುದು ಅಥವಾ ನಿಲ್ಲಿಸಬಹುದು, ಬೆಳೆಸಲು ಆಗುವುದಿಲ್ಲ.

ಆದ್ದರಿಂದ ಪಿಟೀಲಿನಿಂದ ಪಿಯಾನೋಗೆ ಏನನ್ನಾದರೂ ತರುವವನು ಪ್ರತಿ ಸಾಲಿನಲ್ಲೂ ಒಂದು ನಿರ್ಧಾರ ಮಾಡಬೇಕಾಗುತ್ತದೆ. ಸ್ವರ ತರಬೇಕೋ, ಅದು ಹುಟ್ಟಿಸಿದ ಅನುಭವ ತರಬೇಕೋ? ಎರಡೂ ಒಟ್ಟಿಗೆ ಬರುವುದು ಅಪರೂಪ.

ಆರನೆಯ ಕ್ಯಾಪ್ರಿಸ್ ತೆಗೆದುಕೊಳ್ಳಿ. ಅಲ್ಲಿ ಪಿಟೀಲುಗಾರ ಒಂದು ತಂತಿಯ ಮೇಲೆ ನಿಧಾನವಾದ ಹಾಡನ್ನು ಹಿಡಿದುಕೊಂಡು, ಉಳಿದ ಬೆರಳುಗಳಿಂದ ಪಕ್ಕದ ತಂತಿಯಲ್ಲಿ ಎಡಬಿಡದೆ ಒಂದು ನಡುಕ ಎಬ್ಬಿಸುತ್ತಾನೆ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಕಮಾನು ಒಂದೇ, ಉಸಿರು ಒಂದೇ, ಹಾಗಾಗಿ ಆ ನಡುಕ ಹಾಡಿಗೆ ಅಂಟಿಕೊಂಡೇ ಇರುತ್ತದೆ. ಇದೇ ನಡುಕವನ್ನು ಪಿಯಾನೋದಲ್ಲಿ ಮಾಡಿದರೆ ಏನಾಗುತ್ತದೆ? ಪ್ರತಿಯೊಂದು ಸ್ವರವೂ ಒಂದೊಂದು ಪೆಟ್ಟು. ನಡುಕ ಅನ್ನುವುದು ಹೋಗಿ ಟಕಟಕ ಸದ್ದು ಉಳಿಯುವ ಅಪಾಯ ಇದೆ. ಲಿಸ್ಟ್‌ನ ಮೊದಲನೆಯ ಎಟ್ಯೂಡ್ ಕಷ್ಟವಾಗಿರುವುದು ಇಲ್ಲೇ. ಐದನೆಯ ಕ್ಯಾಪ್ರಿಸ್‌ನ ಮಿಂಚಿನಂಥ ಏರಿಳಿತಗಳನ್ನು ಬಾಗಿಲಿನ ಹಾಗೆ ಮುಂದೆ ನಿಲ್ಲಿಸಿ, ಆಮೇಲೆ ಹಾಡನ್ನೂ ನಡುಕವನ್ನೂ ಒಂದೇ ಕೈಯೊಳಗೆ ಕೊಡುತ್ತಾನೆ. ಆ ಕೈಯ ಒಂದು ಭಾಗ ಹಾಡಬೇಕು, ಇನ್ನೊಂದು ಭಾಗ ಕೇಳಿಯೂ ಕೇಳಿಸದಂತೆ ನಡುಗಬೇಕು. ಇದನ್ನು ಬೆರಳಿನ ಬಲದಿಂದ ಸಾಧಿಸಲು ಆಗುವುದೇ ಇಲ್ಲ. ಕಿವಿಗೆ ಏನು ಬೇಕು ಅಂತ ಮೊದಲೇ ಗೊತ್ತಿರಬೇಕು, ಆಗ ಕೈ ತಾನಾಗಿ ಹಗುರವಾಗುತ್ತದೆ.

ಇನ್ನೊಂದು ವಿಷಯ. ಇದೇ ಕ್ಯಾಪ್ರಿಸ್ ಶೂಮನ್‌ನ ಹತ್ತನೆಯ ಓಪಸ್‌ನಲ್ಲೂ ಇದೆ. ಲಿಸ್ಟ್ ತನ್ನ ಮೊದಲ ಆವೃತ್ತಿ ಅಚ್ಚಾದಾಗ ತನ್ನ ಸಾಲುಗಳ ಜೊತೆಗೇ ಶೂಮನ್ ಮಾಡಿದ್ದ ರೂಪವನ್ನೂ ಅಚ್ಚು ಹಾಕಿಸಿದ. ನೋಡಿ, ಅವನು ಹೀಗೆ ಮಾಡಿದ, ನಾನು ಹೀಗೆ ಮಾಡಿದೆ ಅಂತ ಎರಡನ್ನೂ ಮುಂದೆ ಇಟ್ಟ ಹಾಗೆ. ನಕಲು ಮಾಡುವವರು ಹೀಗೆ ಮಾಡುತ್ತಾರಾ? ಒಂದೇ ಕವಿತೆಯನ್ನು ಇಬ್ಬರು ಅನುವಾದ ಮಾಡಿ ಒಂದೇ ಪುಟದಲ್ಲಿ ಹಾಕಿದಂತೆ ಇದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಒಂದನೆಯ ಕ್ಯಾಪ್ರಿಸ್‌ನಲ್ಲಿ ಕಮಾನು ನಾಲ್ಕು ತಂತಿಗಳ ಮೇಲೂ ಚೆಂಡಿನ ಹಾಗೆ ಪುಟಿಯುತ್ತಾ ಹೋಗುತ್ತದೆ. ಆ ಪುಟಿತವನ್ನು ಪಿಟೀಲುಗಾರ ಪೂರ್ತಿ ತಾನೇ ಮಾಡುವುದಿಲ್ಲ, ಅರ್ಧ ಕೆಲಸ ಕಮಾನಿನ ಕಡ್ಡಿಯೇ ಮಾಡುತ್ತದೆ. ಅದನ್ನು ಬಿಟ್ಟುಕೊಡಲು ಕಲಿಯುವುದೇ ಅಲ್ಲಿನ ವಿದ್ಯೆ. ಲಿಸ್ಟ್‌ನ ನಾಲ್ಕನೆಯ ಎಟ್ಯೂಡ್ ಇದರದ್ದು. 1838ರಲ್ಲಿ ಅವನು ಇದರ ಮೇಲೆ ತುಂಬಾ ಹೊರೆ ಹೇರಿದ್ದ. 1851ರಲ್ಲಿ ಮಾಡಿದ್ದೇನು ಗೊತ್ತಾ? ಇಡೀ ಎಟ್ಯೂಡನ್ನು ಪಿಟೀಲಿನ ಹಾಗೆ ಒಂದೇ ಸಾಲಿನ ಮೇಲೆ ಬರೆದ. ಪಿಯಾನೋ ನೊಟೇಶನ್ ಅಂದರೆ ಎರಡು ಸಾಲು, ಬಲಗೈಗೆ ಒಂದು, ಎಡಗೈಗೆ ಒಂದು, ಇದು ಕಲಿಯಲು ಕೂತ ಮೊದಲ ದಿನವೇ ಹೇಳಿಕೊಡುವ ವಿಷಯ. ಇಲ್ಲಿ ಎರಡೂ ಕೈ ಒಂದೇ ಸಾಲನ್ನು ಹಂಚಿಕೊಂಡು, ಒಂದರ ಬಾಲಕ್ಕೆ ಇನ್ನೊಂದು ಸೇರಿಕೊಂಡು ನುಡಿಸಬೇಕು. ಹಾಳೆ ನೋಡಿದರೆ ಪಿಟೀಲಿನ ಪುಟವೇ ಅನ್ನಿಸುತ್ತದೆ. ನಾನು ಆ ಪುಟವನ್ನು ಮೊದಲ ಸಲ ತೆರೆದಾಗ ತುಂಬಾ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ. ಹತ್ತು ಬೆರಳಿಗೂ ಕೆಲಸ ಕೊಡಬಲ್ಲವನು, ಕೊಟ್ಟೂ ಇದ್ದವನು, ಹದಿಮೂರು ವರ್ಷ ಆದಮೇಲೆ ಅದನ್ನೆಲ್ಲ ತಾನೇ ತೆಗೆದುಹಾಕಿದ್ದಾನೆ.

ಇದನ್ನು ಸ್ವಲ್ಪ ಯೋಚಿಸಿ. ಕೈಚಳಕ ತೋರಿಸುವುದೇ ಉದ್ದೇಶವಾಗಿದ್ದರೆ ತಿದ್ದುವಾಗ ಕಷ್ಟವನ್ನು ಯಾಕೆ ಕಡಿಮೆ ಮಾಡುತ್ತಿದ್ದ? 1838ರ ರೂಪ ಎಷ್ಟು ಕಠಿಣ ಅಂದರೆ, ಇವನ್ನು ನುಡಿಸಬಲ್ಲವರು ಬೆರಳೆಣಿಕೆಯ ಜನ ಮಾತ್ರ ಅಂತ ಸ್ವತಃ ಶೂಮನ್ ತನ್ನ ಪತ್ರಿಕೆಯಲ್ಲಿ ವಿಮರ್ಶೆ ಬರೆದ. 1851ರಲ್ಲಿ ಲಿಸ್ಟ್ ದಪ್ಪ ದಪ್ಪ ಸ್ವರಗುಚ್ಛಗಳನ್ನು ತೆಳುವಾಗಿಸಿದ, ಅಗಲ ಚಾಚುಗಳನ್ನು ಕಿರಿದು ಮಾಡಿದ. ಅದರಿಂದ ಎಟ್ಯೂಡ್‌ಗಳು ಬಡವಾಗಲಿಲ್ಲ. ಪಿಟೀಲಿನ ಹಗುರ ಅವುಗಳಿಗೆ ಆಮೇಲೆಯೇ ಬಂತು.

ಈಗ ಎಲ್ಲರಿಗೂ ಗೊತ್ತಿರುವ ಮೂರನೆಯದು, ಲಾ ಕಂಪನೆಲ್ಲಾ. ಇಟಾಲಿಯನ್ ಭಾಷೆಯಲ್ಲಿ ಪುಟ್ಟ ಗಂಟೆ ಅಂತ ಅರ್ಥ. ಇದರ ಮೂಲ ಪಗನಿನಿಯ ಎರಡನೆಯ ಪಿಟೀಲು ಕನ್ಸರ್ಟೊದ ಕೊನೆಯ ಭಾಗ, 1826ರದ್ದು. ಅಲ್ಲಿ ಆರ್ಕೆಸ್ಟ್ರಾದಲ್ಲಿ ನಿಜವಾಗಿಯೂ ಒಂದು ಸಣ್ಣ ಗಂಟೆ ಇದೆ. ಅದು ಟಿಣ್ ಅಂದಾಗ ಪಿಟೀಲು ತೆಳ್ಳನೆಯ ದನಿಯಲ್ಲಿ ಅದಕ್ಕೆ ಉತ್ತರ ಕೊಡುತ್ತದೆ. ಪಿಯಾನೋದಲ್ಲಿ ಗಂಟೆ ಎಲ್ಲಿಂದ ತರುವುದು? ಲಿಸ್ಟ್ ಪಂಚಮವನ್ನು ತಾರಸ್ಥಾಯಿಯಲ್ಲಿ ಗಂಟೆಯಾಗಿ ನಿಲ್ಲಿಸಿದ. ಹಾಡು ಕೆಳಗೆ ನಡೆಯುತ್ತಿರುತ್ತದೆ, ಬಲಗೈ ಮತ್ತೆ ಮತ್ತೆ ಮೇಲೆ ಹಾರಿ ಆ ಗಂಟೆಯನ್ನು ಮುಟ್ಟಿ ಬರಬೇಕು. ಹಾರುವ ದೂರ ಬರಬರುತ್ತಾ ಎರಡು ಸ್ಥಾಯಿ ದಾಟುತ್ತದೆ. ಆಮೇಲೆ ಒಂದೇ ಸ್ವರವನ್ನು ಬೆರಳು ಬದಲಿಸುತ್ತಾ ಬೇಗ ಬೇಗ ನುಡಿಸುವುದು ಬರುತ್ತದೆ, ಉಂಗುರದ ಬೆರಳು ಮತ್ತು ಕಿರುಬೆರಳಿನಿಂದ ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳ ವೇಗದ ಅದಲುಬದಲು) ಹಿಡಿದು ಉಳಿದ ಬೆರಳುಗಳಿಂದ ಹಾಡುವುದು ಬರುತ್ತದೆ. ಇವೆಲ್ಲ ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು. ಸಾಯುವ ಸ್ವರವನ್ನು ಗಾಳಿಯಲ್ಲಿ ಹೇಗೆ ಉಳಿಸುವುದು? ನುಡಿಸುತ್ತಾ ಹೋದಂತೆ ಆ ಪ್ರಶ್ನೆ ಗೊತ್ತಾಗುತ್ತದೆ, ಆದರೆ ಮೂಲ ಕೇಳಿದವರಿಗೆ ಮಾತ್ರ.

ನನಗೆ ಅದು ಗೊತ್ತಾಗಲು ತುಂಬಾ ದಿನ ಬೇಕಾಯಿತು, ಸ್ವಲ್ಪ ನೋವೂ ಆಯಿತು. ನಾನು ವೃತ್ತಿಯಿಂದ ಸಂಗೀತಗಾರನಲ್ಲ. ಆದರೆ ಬಹಳ ವರ್ಷದಿಂದ ಪಿಯಾನೋ ಕಲಿಯುತ್ತಿದ್ದೇನೆ. ಲಾ ಕಂಪನೆಲ್ಲಾ ಹಿಡಿದಾಗ ನನಗೆ ಕಲಿಸುತ್ತಿದ್ದವರು ಪಿಟೀಲಿನ ಮಾತೇ ಎತ್ತಲಿಲ್ಲ. ಲಯದ ವೇಗ ಹೇಳುವ ಮೆಟ್ರೊನೋಮ್ ಇಟ್ಟು, ವಾರಕ್ಕೆ ಇಷ್ಟು ಏರಿಸಬೇಕು ಅಂತ ಲೆಕ್ಕ ಕೊಟ್ಟರು. ಹಾರುವ ಜಾಗಗಳನ್ನು ನೂರು ಸಲ, ಇನ್ನೂರು ಸಲ ಮಾಡಿಸಿದರು. ಎರಡು ತಿಂಗಳಲ್ಲಿ ವೇಗ ಬಂತು, ಜೊತೆಗೆ ಮಣಿಕಟ್ಟಿನ ಹೊರಬದಿಯಲ್ಲಿ ನೋವು ಬಂತು. ಹೇಳಿದರೆ, ಕಷ್ಟದ ರಚನೆ ಅಲ್ವಾ, ಹಾಗೇ ಆಗುತ್ತದೆ, ಮುಂದುವರಿಸು ಅಂದರು. ಮುಂದುವರಿಸಿದೆ. ಕೊನೆಗೆ ಬಾಗಿಲ ಹಿಡಿ ತಿರುಗಿಸಲೂ ಆಗದೆ ನಾಲ್ಕು ತಿಂಗಳು ಪಿಯಾನೋ ಮುಚ್ಚಿಡಬೇಕಾಯಿತು. ಬೆರಳಿನ ನೋವನ್ನು ಸಾಧನೆಯ ಗುರುತು ಅಂತ ಹೇಳಿಕೊಡುವ ಪದ್ಧತಿ ಎಲ್ಲೇ ಇದ್ದರೂ ತಪ್ಪು. ಅದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಶೂಮನ್ ಕೂಡ ಇಪ್ಪತ್ತರ ಆಸುಪಾಸಿನಲ್ಲೇ ಬಲಗೈ ಬೆರಳು ಕೆಡಿಸಿಕೊಂಡು ವಾದಕನಾಗುವ ಆಸೆ ಬಿಡಬೇಕಾಯಿತು, ಅದನ್ನಾದರೂ ನಾವು ನೆನಪಿಡಬೇಕು.

ಆ ನಾಲ್ಕು ತಿಂಗಳಲ್ಲಿ ಮಾಡಲು ಬೇರೇನೂ ಇಲ್ಲದೆ ಕೇಳುತ್ತಾ ಕೂತೆ. ಆಗಲೇ ಮೊದಲ ಸಲ ಮೂಲದ ಕನ್ಸರ್ಟೊ ಕೇಳಿದ್ದು. ಕೇಳಿದ ಕೂಡಲೇ ಒಂದು ವಿಷಯ ಹೊಳೆಯಿತು. ಪಿಟೀಲುಗಾರ ಅವಸರದಲ್ಲಿ ಇರಲಿಲ್ಲ. ಅದು ಒಂದು ಕುಣಿತ, ಆರಾಮವಾದ ಕುಣಿತ. ಗಂಟೆ ಕೇಳಿಸಲು ಜಾಗ ಬಿಟ್ಟು, ಅದು ಆರುವುದಕ್ಕೆ ಒಂದು ಚೂರು ಸಮಯ ಕೊಟ್ಟು ಮುಂದೆ ಹೋಗುತ್ತಿದ್ದ. ಓಡಿ ಹೋಗಿ ನನ್ನ ಪುಸ್ತಕ ತೆಗೆದು ನೋಡಿದರೆ, ಎಟ್ಯೂಡ್‌ನ ನೆತ್ತಿಯ ಮೇಲೆ ಲಿಸ್ಟ್ ಬರೆದಿರುವುದು ಅಲೆಗ್ರೆಟ್ಟೊ ಅಂತ! ಅಂದರೆ ಹದವಾದ ಚುರುಕು, ಓಟ ಅಲ್ಲ. ವೇಗ ಹೆಚ್ಚಿಸು ಅನ್ನುವ ಸೂಚನೆ ಬರುವುದು ತುಂಬಾ ಆಮೇಲೆ. ಎರಡು ತಿಂಗಳು ಅದೇ ಹಾಳೆಯನ್ನು ದಿನಾ ನೋಡಿದ್ದೆ, ಆ ಪದ ಕಣ್ಣಿಗೆ ಬಿದ್ದಿರಲಿಲ್ಲ. ಬೇಟೆ ಅಂತ ಕರೆಯುವ ಐದನೆಯ ಎಟ್ಯೂಡ್ ಮೇಲೂ ಅಲೆಗ್ರೆಟ್ಟೊ ಅಂತಲೇ ಇದೆ. ಅದರ ಮೂಲ ಒಂಬತ್ತನೆಯ ಕ್ಯಾಪ್ರಿಸ್. ಅಲ್ಲಿ ಪಗನಿನಿ ಕೊಳಲಿನ ಹಾಗೆ ನುಡಿಸು, ಕೊಂಬಿನ ಹಾಗೆ ನುಡಿಸು ಅಂತ ಸೂಚನೆ ಬರೆದಿದ್ದಾನೆ. ಪಿಟೀಲು ಕೊಳಲಾಗಿ ಕೊಂಬಾಗಿ ನಟಿಸುತ್ತದೆ, ಆ ನಟಿಸುವ ಪಿಟೀಲಿನ ಪಾತ್ರವನ್ನು ಪಿಯಾನೋ ವಹಿಸಬೇಕು. ಇಷ್ಟು ಚೆಂದದ ಆಟವನ್ನು ಕಸರತ್ತು ಅಂದರೆ ಬೇಜಾರಾಗುವುದಿಲ್ಲವೇ?

ಎರವಲು ಅನ್ನುವ ಮಾತಿಗೂ ಉತ್ತರ ಹೇಳಬೇಕು. ಒಂಟಿ ಪಿಟೀಲಿನ ಸಂಗೀತವನ್ನು ಕೀಬೋರ್ಡಿಗೆ ತರುವುದು ತಪ್ಪು ಅಂದರೆ ಮೊದಲ ತಪ್ಪಿತಸ್ಥರ ಸಾಲಿನಲ್ಲಿ ಹದಿನೆಂಟನೆಯ ಶತಮಾನದ ಜರ್ಮನ್ ಸಂಗೀತಕಾರ ಬಾಖ್ ನಿಲ್ಲುತ್ತಾನೆ. 1720ರಲ್ಲಿ ತನ್ನ ಕೈಯಾರೆ ಶುದ್ಧಪ್ರತಿ ಮಾಡಿದ ಒಂಟಿ ಪಿಟೀಲಿನ ಸೊನಾಟಾ, ಪಾರ್ಟಿಟಾ ಅನ್ನುವ ಹಲವು ಭಾಗಗಳ ರಚನೆಗಳನ್ನು ಅವನು ಕ್ಲಾವಿಕಾರ್ಡ್ ಅನ್ನುವ ಹಳೆಯ ಕೀಬೋರ್ಡ್ ವಾದ್ಯದ ಮೇಲೆ, ಬೇಕಾದಷ್ಟು ಸ್ವರ ಸೇರಿಸಿಕೊಂಡು, ಆಗಾಗ ನುಡಿಸುತ್ತಿದ್ದ ಅಂತ ಅವನ ಶಿಷ್ಯ ಅಗ್ರಿಕೊಲಾ ಬರೆದಿಟ್ಟಿದ್ದಾನೆ. ಇ (E) ಮೇಜರ್ ಪಾರ್ಟಿಟಾದ ಮೊದಲ ಭಾಗವನ್ನು 1731ರ ಒಂದು ಕಂಟಾಟಾದಲ್ಲಿ (ಹಾಡುಗಾರರಿಗೂ ವಾದ್ಯಗಳಿಗೂ ಬರೆದ ರಚನೆಯಲ್ಲಿ) ಆರ್ಗನ್‌ಗೆ ಕೊಟ್ಟು, ಸುತ್ತ ಆರ್ಕೆಸ್ಟ್ರಾ ಕಟ್ಟಿದ್ದಾನೆ. ಬರೆದವನಿಗೇ ಇಲ್ಲದ ಮಡಿ ನಮಗೆ ಯಾಕೆ?

ಬ್ರಾಮ್ಸ್ ಮಾಡಿದ್ದು ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಪಗನಿನಿಯ 24ನೆಯ ಕ್ಯಾಪ್ರಿಸ್ ಮೇಲೆ ಅವನು ಬರೆದ ಎರಡು ಪುಸ್ತಕಗಳು 1866ರಲ್ಲಿ ಅಚ್ಚಾದವು, ಒಂದೊಂದರಲ್ಲೂ 14 ವೇರಿಯೇಷನ್, ಅಂದರೆ ಅದೇ ಹಾಡಿನ ಬದಲಾದ ರೂಪಗಳು. ಅವನು ಅವಕ್ಕೆ ಕೊಟ್ಟ ಮೊದಲ ಹೆಸರು ಪಿಯಾನೋ ಅಭ್ಯಾಸಗಳು ಅಂತಲೇ. ಅದೇ ಕ್ಯಾಪ್ರಿಸ್ ಲಿಸ್ಟ್‌ನ ಆರನೆಯ ಎಟ್ಯೂಡ್ ಕೂಡ. ಲಿಸ್ಟ್ ಪಗನಿನಿಯ ಹನ್ನೊಂದು ವೇರಿಯೇಷನ್‌ಗಳ ಹಿಂದೆಯೇ ಒಂದೊಂದಾಗಿ ಹೋಗುತ್ತಾನೆ. ಬ್ರಾಮ್ಸ್ ಹಾಡನ್ನಷ್ಟೇ ತೆಗೆದುಕೊಂಡು ತನ್ನ ದಾರಿ ಹಿಡಿಯುತ್ತಾನೆ. ಅದರಲ್ಲಿ ಕೆಲವು ಬರೀ ಕೈಗೆ ಕೆಲಸ ಅನ್ನಿಸಿದರೆ ನಾನು ಜಗಳ ಆಡುವುದಿಲ್ಲ. ಆದರೆ 1877ರ ಬೇಸಿಗೆಯಲ್ಲಿ ಅವನು ಮಾಡಿದ ಇನ್ನೊಂದು ಕೆಲಸ ಇದೆ. ಬಾಖ್‌ನ ಡಿ ಮೈನರ್ ಪಾರ್ಟಿಟಾದ ಕೊನೆಯ ಭಾಗವಾದ ಶಾಕೋನ್ ಅನ್ನು ಪಿಯಾನೋಗೆ ತಂದ, ಎಡಗೈ ಒಂದಕ್ಕೇ. ಬಲಗೈ ಮಡಿಲಲ್ಲಿ ಸುಮ್ಮನೆ ಕೂತಿರಬೇಕು. ಕ್ಲಾರಾಗೆ ಬರೆದ ಪತ್ರದಲ್ಲಿ ಅವನು ಕಾರಣ ಹೇಳುತ್ತಾನೆ. ಒಂದು ಸಣ್ಣ ವಾದ್ಯಕ್ಕೆ ಒಂದೇ ಸಾಲಿನಲ್ಲಿ ಈ ಮನುಷ್ಯ ಒಂದು ಲೋಕವನ್ನೇ ಬರೆದಿಟ್ಟಿದ್ದಾನೆ, ಅದನ್ನು ಎಡಗೈಯೊಂದರಲ್ಲಿ ನುಡಿಸುವಾಗ ಮಾತ್ರ ನನಗೆ ಪಿಟೀಲುಗಾರನ ಅನುಭವ ಸ್ವಲ್ಪ ಮಟ್ಟಿಗೆ ಆಗುತ್ತದೆ ಅಂತ. ಅವನ ಮಾತನ್ನು ಯಥಾವತ್ತು ಕೊಡುತ್ತಿಲ್ಲ, ತಾತ್ಪರ್ಯ ಅದು. ಆ ಹೊತ್ತಿಗೆ ಕ್ಲಾರಾ ಬಲಗೈಗೆ ಪೆಟ್ಟು ಮಾಡಿಕೊಂಡಿದ್ದಳು, ಹಾಗಾಗಿ ಆ ಹಾಳೆಗಳು ಅವಳಿಗೆ ಸರಿಯಾದ ಸಮಯಕ್ಕೇ ಸಿಕ್ಕವು.

ಪಿಟೀಲಿನ ಕಷ್ಟವೇ ಆ ಸಂಗೀತದ ಒಂದು ಅಂಗ ಅನ್ನುವುದು ಬ್ರಾಮ್ಸ್‌ಗೆ ಗೊತ್ತಿತ್ತು. ನಾಲ್ಕು ತಂತಿಯಲ್ಲಿ ಹಿಡಿಸದಷ್ಟು ದೊಡ್ಡದನ್ನು ಹಿಡಿಸುವ ಒದ್ದಾಟ ಶಾಕೋನ್‌ನ ಒಳಗಿದೆ. ಎರಡು ಕೈಗೆ ಹಂಚಿ ಸಲೀಸು ಮಾಡಿದರೆ ಆ ಒದ್ದಾಟ ಹೊರಟುಹೋಗುತ್ತದೆ. 1890ರ ದಶಕದಲ್ಲಿ ಇಟಲಿಯ ಪಿಯಾನೋ ವಾದಕ ಬುಸೋನಿ ಇದೇ ಶಾಕೋನ್ ಅನ್ನು ಎರಡೂ ಕೈಗೆ, ತುಂಬು ಸ್ವರಗಳಲ್ಲಿ, ಆರ್ಗನ್‌ನಷ್ಟು ದೊಡ್ಡದಾಗಿ ಕಟ್ಟಿದ. ಅದೂ ಭವ್ಯವಾಗಿಯೇ ಇದೆ. ಕಛೇರಿಗಳಲ್ಲಿ ಹೆಚ್ಚು ಕೇಳಿಸುವುದೂ ಅದೇ. ಆದರೆ ನನಗೆ ಒಂದನ್ನೇ ಆರಿಸು ಅಂದರೆ ಬ್ರಾಮ್ಸ್‌ನದ್ದನ್ನು ಆರಿಸುತ್ತೇನೆ. ಅಲ್ಲಿ ಒಂಟಿ ಕೈ ಮಂದ್ರದಿಂದ ಮೇಲಕ್ಕೆ ಒಂದು ಸ್ವರಗುಚ್ಛವನ್ನು ಮುರಿಯುತ್ತಾ ಏರುವಾಗ ಕಮಾನು ತಂತಿಗಳನ್ನು ದಾಟುವುದು ಕಣ್ಣಿಗೆ ಕಂಡಂತಾಗುತ್ತದೆ.

ಶೂಮನ್‌ಗೆ ಈ ಪಿಟೀಲಿನ ಗುಂಗು ಕೊನೆಯವರೆಗೂ ಬಿಡಲಿಲ್ಲ ಅನ್ನುವುದನ್ನೂ ಇಲ್ಲಿ ಹೇಳಬೇಕು. 1854ರಲ್ಲಿ ಎಂಡೆನಿಕ್‌ನ ಮಾನಸಿಕ ಆಸ್ಪತ್ರೆ ಸೇರಿದ ಮೇಲೂ ಅವನು ಪಗನಿನಿಯ ಕ್ಯಾಪ್ರಿಸ್‌ಗಳಿಗೆ ಪಿಯಾನೋ ಪಕ್ಕವಾದ್ಯ ಬರೆಯುತ್ತಿದ್ದ. ಈ ಸಲ ಪಿಟೀಲನ್ನು ಪಿಯಾನೋ ಮಾಡಲು ಹೋಗಲಿಲ್ಲ. ಪಿಟೀಲನ್ನು ಅದರ ಪಾಡಿಗೆ ಹಾಡಲು ಬಿಟ್ಟು ಪಕ್ಕದಲ್ಲಿ ಕೂತುಕೊಂಡ. 19ನೆಯ ವಯಸ್ಸಿನಲ್ಲಿ ಕೇಳಿದ್ದು 40 ದಾಟಿದ ಮೇಲೂ ಕಿವಿಯಲ್ಲಿತ್ತು.

ನೋವು ಕಡಿಮೆಯಾದ ಮೇಲೆ ನಾನು ಮತ್ತೆ ಶುರು ಮಾಡಿದ ರೀತಿಯೇ ಬೇರೆ. ಮೊದಲು ಪಿಟೀಲಿನದ್ದನ್ನು ಹತ್ತು ದಿನ ಕೇಳುತ್ತೇನೆ, ಒಬ್ಬರದ್ದಲ್ಲ, ಮೂರು ನಾಲ್ಕು ಜನರದ್ದು. ಹಾಡನ್ನು ಬಾಯಲ್ಲಿ ಗುನುಗುತ್ತೇನೆ. ಪಿಟೀಲಿನ ನೊಟೇಶನ್ ಪಕ್ಕದಲ್ಲಿಟ್ಟುಕೊಂಡು ಕಮಾನು ಎಲ್ಲಿ ಕೆಳಗೆ ಎಳೆಯುತ್ತದೆ, ಎಲ್ಲಿ ಮೇಲೆ ನೂಕುತ್ತದೆ ಅಂತ ಪಿಯಾನೋ ಪುಸ್ತಕದ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಇದರಿಂದ ಏನು ಉಪಯೋಗ ಅಂತ ಕೇಳಬಹುದು. ಕಮಾನು ತಿರುಗುವ ಜಾಗದಲ್ಲಿ ಪಿಟೀಲುಗಾರನ ತೋಳು ಒಂದು ಕ್ಷಣ ಸಡಿಲವಾಗುತ್ತದೆ. ಅದೇ ಜಾಗದಲ್ಲಿ ನನ್ನ ಮಣಿಕಟ್ಟೂ ಸಡಿಲವಾಗಬೇಕು ಅಂತ ಗೊತ್ತಾಯಿತು. ಹಾರುವುದಕ್ಕೆ ಮುಂಚೆ ಉಸಿರು ಎಲ್ಲಿದೆ ಅಂತ ಸಿಕ್ಕಿತು. ವೇಗ ಹೋಗಿದ್ದು ಕೇಳುವವರಿಗೆ ತಿಳಿಯಲೇ ಇಲ್ಲ, ಗಂಟೆ ಕೇಳಿಸಿತು ಅಂದರು. ಆಮೇಲೆ ಇವತ್ತಿನವರೆಗೂ ಆ ನೋವು ಮತ್ತೆ ಬಂದಿಲ್ಲ. ಎಲ್ಲರ ಕೈಯೂ ಒಂದೇ ಥರ ಇರುವುದಿಲ್ಲ, ನೋವಿದ್ದವರು ಮೊದಲು ವೈದ್ಯರಿಗೆ ತೋರಿಸಬೇಕು. ಆದರೆ ಕಿವಿಯಿಂದ ಶುರು ಮಾಡುವುದರಿಂದ ಯಾರಿಗೂ ನಷ್ಟವಿಲ್ಲ.

ಕಲಿಸುವವರಲ್ಲಿ ನನ್ನ ಬೇಡಿಕೆ ಇದೇ. ಮಕ್ಕಳ ಮುಂದೆ ಈ ಎಟ್ಯೂಡ್‌ಗಳನ್ನು ಇಡುವ ಮುಂಚೆ ಪಿಟೀಲು ಕೇಳಿಸಿ. ಸಾಧ್ಯವಾದರೆ ಒಬ್ಬ ಪಿಟೀಲು ವಿದ್ಯಾರ್ಥಿಯನ್ನು ಕರೆದು, ಅದೇ ನಾಲ್ಕು ಸಾಲನ್ನು ಎದುರಿಗೇ ನುಡಿಸಿ ತೋರಿಸಲು ಹೇಳಿ. ಕಮಾನು ಪುಟಿಯುವುದನ್ನು ಕಣ್ಣಾರೆ ನೋಡಿದ ಹುಡುಗನ ಕೈ ಮರುದಿನ ಬೇರೆ ಥರ ಇರುತ್ತದೆ. ಸ್ಪರ್ಧೆಗಳಲ್ಲಿ ಅಂಕ ಹಾಕುವವರೂ ಎಷ್ಟು ಬೇಗ ಮುಗಿಸಿದರು ಅನ್ನುವುದನ್ನು ಬಿಟ್ಟು ಗಂಟೆ ಕೇಳಿಸಿತೇ ಅಂತ ನೋಡಲಿ. ಹೊರೆ ಅನ್ನಿಸಿದರೆ ಲಿಸ್ಟ್‌ಗಿಂತ ಮೊದಲು ಶೂಮನ್‌ನ ಮುನ್ನುಡಿಯ ಸಣ್ಣ ಅಭ್ಯಾಸಗಳನ್ನು ಮಾಡಿಸಲಿ, ಅವನು ಅವನ್ನು ಬರೆದದ್ದೇ ಕಲಿಯುವವರಿಗಾಗಿ.

ನಿಮ್ಮ ಪತ್ರಿಕೆಯಲ್ಲಿ ಒಂದು ಸಣ್ಣ ಬೇಡಿಕೆ. ಇನ್ನು ಮುಂದೆ ಯಾವುದಾದರೂ ಪಿಯಾನೋ ಕಛೇರಿಯ ವರದಿ ಹಾಕುವಾಗ ಲಿಸ್ಟ್‌ನ ಎಟ್ಯೂಡ್ ಅಂತಷ್ಟೇ ಬರೆದು ಬಿಡಬೇಡಿ. ಪಗನಿನಿಯ ಯಾವ ಕ್ಯಾಪ್ರಿಸ್, ಎಷ್ಟನೆಯದು ಅಂತ ಪಕ್ಕದಲ್ಲೇ ಸೇರಿಸಿ. ಮೂರು ಪದ ಜಾಸ್ತಿ ಆಗುತ್ತದೆ ಅಷ್ಟೆ. ಓದಿದ ಹತ್ತು ಜನರಲ್ಲಿ ಒಬ್ಬರಾದರೂ ಆ ಪಿಟೀಲನ್ನು ಹುಡುಕಿಕೊಂಡು ಹೋಗಿ ಕೇಳಿಯಾರು. ಕಳೆದ ವಾರದ ಬರಹ ಬರೆದವರಿಗೂ ನಾನು ಹೇಳುವುದು ಇದನ್ನೇ. ಆರನೆಯ ಕ್ಯಾಪ್ರಿಸ್ ಮತ್ತು ಲಿಸ್ಟ್‌ನ ಮೊದಲನೆಯ ಎಟ್ಯೂಡ್, ಎರಡನ್ನೂ ಒಂದರ ಹಿಂದೆ ಒಂದು ಒಂದೇ ಸಂಜೆ ಕೇಳಿ. ಆಮೇಲೂ ಎರವಲು ಸರಕು ಅನ್ನಿಸಿದರೆ ದಯವಿಟ್ಟು ಇನ್ನೊಂದು ಬರಹ ಬರೆಯಿರಿ, ನಾನು ಮೊದಲು ಓದುತ್ತೇನೆ.

ಇಂತಿ,
ಪಿಯಾನೋ ಕಲಿಯುತ್ತಿರುವ ನಿಮ್ಮ ಓದುಗ